ಖಾಲಾನ ಮಾಳಿಗೆ ಮೇಲಿನ ಆಂಟೆನಾ

ಹೋದ ತಿಂಗಳು ಅಟ್ಟ ಸ್ವಚ್ಛ ಮಾಡುವಾಗ ಚಪ್ಪಟೆ ವೈರಿನ ಒಂದು ಸುರುಳಿ ಸಿಕ್ಕಿತು. ಹಿಂದೆಲ್ಲ ಆಂಟೆನಾದಿಂದ ಟಿ.ವಿ.ಗೆ ಇಳಿಬಿಡುತ್ತಿದ್ದ ವೈರು. ಬಿಚ್ಚಲು ಹೋದರೆ ಮೇಲಿನ ಪ್ಲಾಸ್ಟಿಕ್ಕು ಪುಡಿಪುಡಿಯಾಗಿ ಉದುರಿತು. ಅಲ್ಲೇ ಕುಳಿತುಬಿಟ್ಟೆ... ಖಾಲಾ ನೆನಪಾದರು.

ಎಂಬತ್ತರ ದಶಕದ ನಡುವಿನ ಮಾತು. ರಾಯಚೂರಿನ ಒಂದು ಹಳೆಯ ಮನೆಯಲ್ಲಿ ನಾವೂ ಅವರೂ ಬಾಡಿಗೆಗಿದ್ದೆವು. ತಗಡು ಹೊದಿಸಿದ ಎರಡು ಕೋಣೆ ನಮ್ಮವು. ಅಂಗಳದ ಆಚೆ, ತೊಲೆಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆಯ ಒಂದೇ ಕೋಣೆ ಅವರದು. ಮಾನ್ವಿ ಕಡೆಯವರು. ಗಂಡ ತೀರಿಹೋದ ಮೇಲೆ ಓಣಿಯ ಹೆಂಗಸರ ಬಟ್ಟೆ ಹೊಲಿದುಕೊಂಡು ಒಬ್ಬರೇ ಇದ್ದರು. ಹಿರಿಯರು, ಕಿರಿಯರು ಎಲ್ಲರೂ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ನನ್ನ ಗಂಡನ ನೌಕರಿ ದೇವದುರ್ಗದಲ್ಲಿ. ಶನಿವಾರ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಿದ್ದರು. ಚೊಚ್ಚಲ ಬಸುರಿಯಾಗಿದ್ದ ನನಗೆ ವಾರವೆಲ್ಲ ಖಾಲಾನೇ ದಿಕ್ಕು. ಅನ್ನದ ವಾಸನೆಗೆ ಹೊಟ್ಟೆ ತೊಳಸುತ್ತಿದ್ದ ದಿನಗಳಲ್ಲಿ ಹುಣಸೆ ಚಿಗುರಿನ ಸಾರು ಮಾಡಿ ತಂದು, ನಾನು ಉಣ್ಣುವ ತನಕ ಎದುರು ಕೂಡುತ್ತಿದ್ದರು.

ಒಂದು ಭಾನುವಾರ ನನ್ನ ಗಂಡ ಟಿ.ವಿ. ತಂದರು. "ಆಂಟೆನಾ ನೀನೇ ನೋಡಿ ಹಚ್ಚಸು" ಎಂದು ಮರುದಿನ ಬಸ್ಸು ಹತ್ತಿದರು. ನಾನು ಖಾಲಾನನ್ನು ಕರೆದುಕೊಂಡು ಅಂಗಡಿಗೆ ಹೋದೆ.

ಅಂಗಡಿಯವರು ಎರಡು ಆಂಟೆನಾ ತೋರಿಸಿದರು. "ಊರಾಗಿನ ಟವರ್ ಸಿಗಾಕ ಈ ಸಣ್ಣದು ಸಾಕ್ರಿ ಅಕ್ಕಾರ. ಹೈದರಾಬಾದ್ ಸ್ಟೇಷನ್ನೂ ಬೇಕಂದ್ರ ಈ ದೊಡ್ಡದು. ಆದ್ರ ಪೈಪ್ ಭಾಳ ಎತ್ತರ ಬೇಕಾಗ್ತದ."

"ಸಣ್ಣದೇ ತಗೋ ಬೇಟೀ," ಎಂದರು ಖಾಲಾ. "ನಮ್ಮ ಮನಿ ಮ್ಯಾಲ ಅಷ್ಟೆತ್ತರದ್ದು ತಡಿಯಂಗಿಲ್ಲ."

ಎದುರು ಮನೆಯ ಮೇಲೆ ದೊಡ್ಡದೇ ಇತ್ತು. ದಿನಾ ಬಟ್ಟೆ ಒಣಹಾಕುವಾಗ ಅದನ್ನು ನೋಡುತ್ತಿದ್ದೆ. ನಾನು ದೊಡ್ಡದನ್ನೇ ತೆಗೆದುಕೊಂಡೆ.

ನಿಲ್ಲಿಸಲು ಬಂದವನು ನಮ್ಮ ತಗಡು ನೋಡಿ ತಲೆಯಾಡಿಸಿದ. ಇದರ ಮೇಲೆ ಪೈಪು ನಿಲ್ಲುವುದಿಲ್ಲ, ಆಚೆಯ ಮಾಳಿಗೆಯಾದರೆ ನೋಡಬಹುದು ಎಂದ. ನಾನು ಎದುರು ಮನೆಯ ಆಂಟೆನಾದ ಕಡೆ ನೋಡಿದೆ. ಖಾಲಾ ನನ್ನ ಮುಖ ನೋಡಿದರು.

"ಹೋಗ್ಲಿ, ನನ್ನ ಮಾಳಿಗಿ ಮ್ಯಾಲೇ ನಿಲ್ಲಸಪ್ಪಾ. ಹುಡುಗಿ ಆಸಿ ಪಟ್ಟಾಳ."

ಹೈದರಾಬಾದು ಬರಲೇ ಇಲ್ಲ. ಪರದೆಯ ತುಂಬ ಬಿಳಿ ಚುಕ್ಕೆಗಳ ಗದ್ದಲ. ಒಮ್ಮೆ ಮಾತ್ರ ಯಾವುದೋ ಹೆಣ್ಣುಮಗಳ ಮುಖ ಮೂಡಿ, ಏನೋ ಹೇಳಲು ಬಾಯಿ ತೆರೆದು, ಮಾಯವಾಯಿತು. ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಆಮೇಲೆ ಮಳೆಗಾಲ... ಒಂದು ಮಧ್ಯಾಹ್ನ ಗಾಳಿಮಳೆ ಬಂತು. ಪೈಪು ಓಲಾಡಿ ಓಲಾಡಿ ಬುಡದ ಮಣ್ಣು ಸಡಿಲಾಗಿತ್ತು. ನೀರು ಇಳಿಯಿತು, ತೊಲೆಯೊಂದು ಮುರಿದು ಕೋಣೆಯ ಒಂದು ಮೂಲೆ ಕುಸಿಯಿತು. ಖಾಲಾ ಆಗ ನಮ್ಮ ಕಟ್ಟೆಯ ಮೇಲೆ ಕುಳಿತು ನನಗೆ ಅಕ್ಕಿ ಆರಿಸಿಕೊಡುತ್ತಿದ್ದರು. ಹಾಗಾಗಿ ಉಳಿದರು.

ಮರುದಿನ ಮನೆಯ ಮಾಲಕರು ಬಂದರು. ಅಂಗಳದಲ್ಲೇ ನಿಂತು ಕೂಗಾಡಿದರು. "ಯಾರನ್ನ ಕೇಳಿ ನಿಲ್ಲಿಸೀರಿ ಇದನ್ನ? ಯಾರು ಹೇಳಿದ್ರು? ಹೇಳಿದವ್ರು ಇವತ್ತೇ ಮನಿ ಖಾಲಿ ಮಾಡ್ರಿ!"

ಗಂಡ ಊರಲ್ಲಿಲ್ಲ, ತುಂಬಿದ ಹೊಟ್ಟೆ, ಈ ಸ್ಥಿತಿಯಲ್ಲಿ ಎಲ್ಲಿ ಮನೆ ಹುಡುಕುವುದು? ನನ್ನ ಬಾಯಿಂದ ಮಾತು ಬಂದೇ ಬಿಟ್ಟಿತು.

"ಖಾಲಾನೇ ಅಂದ್ರರೀ... ನನ್ನ ಮಾಳಿಗಿ ಮ್ಯಾಲ ನಿಲ್ಲಸ್ರಿ ಅಂತ."

ಸುಳ್ಳಲ್ಲ. ಆದರೆ ಅದು ನಿಜವೂ ಅಲ್ಲ ಎಂಬುದು ಅಲ್ಲಿದ್ದವರಲ್ಲಿ ಇಬ್ಬರಿಗೆ ಗೊತ್ತಿತ್ತು. ಖಾಲಾ ಒದ್ದೆಯಾದ ಬಟ್ಟೆಗಳನ್ನು ಹಿಂಡುತ್ತಿದ್ದರು. ತಲೆಯೆತ್ತಲಿಲ್ಲ.

"ಹೌದ್ರಿ," ಎಂದರು. "ನಾನೇ ಅಂದೀನಿ."

ಮೂರನೆಯ ದಿನ ಹೊಲಿಗೆ ಮಷಿನ್ನು, ಒಂದು ಹಾಸಿಗೆ, ಎರಡು ಪಾತ್ರೆಗಂಟು ಟಾಂಗಾಕ್ಕೆ ಏರಿಸಿಕೊಂಡು ಮಾನ್ವಿಯಲ್ಲಿದ್ದ ತಂಗಿಯ ಮನೆಗೆ ಹೊರಟರು. "ಬರ್ತೀನಿ ಬೇಟೀ, ಹುಷಾರು" ಎಂದು ಹೊರಗಿನಿಂದ ಕರೆದದ್ದು ಕೇಳಿಸಿತು. ನಾನು ಬಚ್ಚಲಲ್ಲಿ ನಿಂತು ನಲ್ಲಿ ಬಿಟ್ಟುಕೊಂಡೆ, ಕೇಳಿಸದವರ ಹಾಗೆ. ಶನಿವಾರ ಬಂದ ಗಂಡನಿಗೆ, ಮಾಲಕರು ಖಾಲಾನ ಮನೆ ಬಿಡಿಸಿದರು ಎಂದಷ್ಟೇ ಹೇಳಿದೆ.

ಎರಡು ವರ್ಷದ ಮೇಲೆ ಮಗಳನ್ನು ಎತ್ತಿಕೊಂಡು ಮಾನ್ವಿಗೆ ಹೋದೆ. ಎಲ್ಲವನ್ನೂ ಹೇಳಿ ಕಾಲು ಹಿಡಿಯಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ತಂಗಿಯ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. ಕಣ್ಣು ಮಂಜಾಗಿ ಹೊಲಿಗೆ ನಿಂತಿತ್ತು. ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಂಡು ಅದರ ಕೆನ್ನೆ, ಕಿವಿ ಎಲ್ಲ ಬೆರಳಿನಿಂದ ಸವರಿ ನೋಡಿದರು. ಆಮೇಲೆ ಕೇಳಿದರು:

"ಹೈದರಾಬಾದ್ ಸಿಗಾಕತ್ತದೇನು ಬೇಟೀ?"

"ಹೂಂ ಖಾಲಾ... ಛಲೋ ಬರ್ತದ."

"ಹಂಗಾದ್ರ ಆತು ಬಿಡು," ಎಂದು ನಕ್ಕರು.

ಜೋಡಿಸಿಕೊಂಡದ್ದನ್ನು ಹೇಳದೆಯೇ ಮಗುವನ್ನು ಎತ್ತಿಕೊಂಡು ಎದ್ದೆ. ಮುಂದಿನ ಸಲ ಹೇಳಿದರಾಯಿತು ಅಂದುಕೊಂಡೆ. ಮುಂದಿನ ಸಲಕ್ಕೆ ಅವರಿರಲಿಲ್ಲ. ಯಾರ ಮುಂದೆ ಹೇಳಿಕೊಳ್ಳಬೇಕಿತ್ತೋ ಅವರೇ ಹೋದರು.

ಮೊನ್ನೆ ಇದನ್ನೆಲ್ಲ ಮೊದಲ ಬಾರಿಗೆ ಮಗಳಿಗೆ ಹೇಳಿದೆ. ಅವಳಿಗೀಗ ನಡುವಯಸ್ಸು. ಎಲ್ಲ ಕೇಳಿ, "ಆ ಕೋಣಿ ಆಮ್ಯಾಲ ಏನಾತವ್ವಾ?" ಎಂದಳು.

ಮಾಲಕರು ಹೊಸ ತೊಲೆ ಹಾಕಿಸಿ ಮಾಳಿಗೆ ರಿಪೇರಿ ಮಾಡಿಸಿದ್ದರು. ನಮಗೆ ಜಾಗ ಸಾಲುತ್ತಿರಲಿಲ್ಲ, ಕೇಳಿದೆವು, ಕೊಟ್ಟರು. ಆ ತೊಲೆಗೇ ನಿನ್ನ ತೊಟ್ಟಿಲು ಕಟ್ಟಿದ್ದೆವು ಎಂದೆ.