ಕೈಗಳ ಮೇಲೆ ಕೂತು ಕೈಪಿಡಿ ತಿದ್ದುವ ಮಾರ್ಲಿಸ್

ಬೆಳಗಿನ ಐದು ಗಂಟೆ. ಅಮೆರಿಕದ ಡುಲೂತ್ ಊರಿನ ಗುಡ್ಡದ ಬೀದಿಯಲ್ಲಿ ಮಾರ್ಲಿಸ್ ಹಾಗೆನ್ ಅವರ ಅಡುಗೆಮನೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಲ್ಯಾಪ್‌ಟಾಪ್ ಮುಂದೆ ಕೂತಿರುವುದು ಅವರಲ್ಲ, ಮೈದುನ ಆರ್ವಿನ್. ಹಿಮ ತಳ್ಳುವ ಲಾರಿಗಳ ಮೆಕ್ಯಾನಿಕ್ ಆತ. ಮಾರ್ಲಿಸ್ ಪಕ್ಕದ ಕುರ್ಚಿಯಲ್ಲಿ ಎರಡೂ ಅಂಗೈಗಳನ್ನು ತೊಡೆಯಡಿ ಒತ್ತಿಕೊಂಡು ಕೂತಿದ್ದಾರೆ.

"ಅತ್ತಿಗೆ, ಈ ಮೂರನೇ ಸಾಲು ಏನ್ ಮಾಡು ಅಂತಿದೆ?"

ಮಾರ್ಲಿಸ್ ತುಟಿ ಬಿಚ್ಚುವುದಿಲ್ಲ.

"ಬಸ್ಸಲ್ಲಿ ಮಕ್ಳನ್ನ ಗದರೋಕೆ ಬಾಯಿರುತ್ತೆ, ಇಲ್ಲಿ ಮಾತ್ರ ಮೌನವ್ರತ," ಎಂದು ಆರ್ವಿನ್ ಗೊಣಗುತ್ತಾನೆ. ಪುಟ ಹೊರಬೀಳುವ ಮುನ್ನ ಅದನ್ನು ಓದಿ, ಬರೆದಂತೆ ಮಾಡಿ ನೋಡುವುದು ಅವನ ಪಾಲು; ಅವನು ಎಡವಿದ ಸಾಲನ್ನು ಮಾರ್ಲಿಸ್ ಆಮೇಲೆ ಹೊಡೆದುಹಾಕಿ ಬೇರೆ ಬರೆಯುತ್ತಾರೆ.

"ಕೈ ಬಿಟ್ರೆ ತೋರಿಸಿಬಿಡ್ತೀನಿ. ಓದೋರ ಪಕ್ಕದಲ್ಲಿ ನಾನು ಕೂತಿರ್ತೀನಾ?" ಎಂದು ನನಗೆ ಹೇಳುತ್ತಾರೆ.

ಮಾರ್ಲಿಸ್‌ಗೆ ಈಗ ಅರವತ್ತೊಂದು. ಏಳಕ್ಕೆ ಶಾಲೆಯ ಬಸ್ಸು ಹೊರಡಿಸಬೇಕು. ಅದಕ್ಕೂ ಮುಂಚಿನ ಒಂದೂವರೆ ಗಂಟೆ ಯುನಿಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ಶೆಲ್‌ಗೆ ಅಂತರ್ಜಾಲದಲ್ಲಿರುವ ಕೈಪಿಡಿಗೆ ಮೀಸಲು. ಶೆಲ್ ಎಂದರೆ ಟೈಪಿಸಿ ಕಂಪ್ಯೂಟರಿಗೆ ಆಜ್ಞೆ ಕೊಡುವ ಕಿಟಕಿ. ಟೆಲಿಫೋನ್ ಕಂಪನಿಯ ದೂರು ವಿಭಾಗದಲ್ಲಿದ್ದಾಗ ಕಲಿತ ವಿದ್ಯೆ. ಆ ಕೆಲಸ ಹೋಯಿತು, ವಿದ್ಯೆ ಉಳಿಯಿತು. ದಿನಕ್ಕೆ ಹತ್ತು ಹದಿನೈದು ಓದುಗರ ದೂರು, ವಾರಕ್ಕೆ ಒಂದು ಪುಟ ಮುಗಿದರೆ ಹೆಚ್ಚು. ಇಪ್ಪತ್ತೆರಡು ವರ್ಷ ಹೀಗೇ ನಡೆದಿದೆ. ಸಂಬಳವಿಲ್ಲ, ಪುಟದಲ್ಲಿ ಹೆಸರೂ ಇಲ್ಲ.

ಈ ವಾರ ಅವರ ಮುಖ ಕಳೆಗುಂದಿದೆ. ಉದ್ದನೆಯ ಆಜ್ಞೆಗೆ ಗಿಡ್ಡ ಅಡ್ಡಹೆಸರು ಇಡುವುದು ಹೇಗೆಂದು ಅವರೇ ಬರೆದ ಪುಟವೊಂದಿದೆ. 'ಈ ಫೋಲ್ಡರಿನಲ್ಲಿರುವುದನ್ನೆಲ್ಲ ಅಳಿಸು' ಎಂಬ ಆಜ್ಞೆಯನ್ನು ಅಲ್ಲಿ ಜೋಡಿ ಉದ್ಧರಣ ಚಿಹ್ನೆಯೊಳಗೆ ಇಟ್ಟಿದ್ದರು. ಜೋಡಿ ಚಿಹ್ನೆಯೊಳಗಿದ್ದರೆ, ಅಡ್ಡಹೆಸರು ಇಟ್ಟ ಕ್ಷಣದಲ್ಲಿ ನಾವಿದ್ದ ಫೋಲ್ಡರೇ ಅದರಲ್ಲಿ ಗಟ್ಟಿಯಾಗಿಬಿಡುತ್ತದೆ. ಒಂಟಿ ಚಿಹ್ನೆಯಾದರೆ, ಬಳಸಿದಾಗಲೆಲ್ಲ ಈಗ ಎಲ್ಲಿದ್ದೇವೆಂದು ಶೆಲ್ ಹೊಸದಾಗಿ ನೋಡುತ್ತದೆ. ಸರೋವರದ ನೀರಿನ ಉಷ್ಣತೆ ಅಳೆಯುವ ಟೆಸ್ ಒಯಾಲಾ ಎಂಬ ವಿದ್ಯಾರ್ಥಿನಿ ಮೂಲ ದಾಖಲೆಗಳ ಫೋಲ್ಡರಿನಲ್ಲಿ ನಿಂತು ಆ ಅಡ್ಡಹೆಸರು ಇಟ್ಟಳು. ಮರುದಿನ, ತೆರೆದೇ ಇಟ್ಟಿದ್ದ ಅದೇ ಕಿಟಕಿಯಲ್ಲಿ, ಕಸದ ಫೋಲ್ಡರಿಗೆ ಹೋಗಿ ಅದನ್ನೇ ಬಳಸಿದಳು. ಅಳಿಸಿಹೋದದ್ದು ಮೂಲ ದಾಖಲೆ, ನಾಲ್ಕು ಬೇಸಿಗೆಯ ಅಳತೆ.

"ಆ ಹುಡುಗೀನ ಪ್ರಯೋಗಾಲಯದಿಂದ ತೆಗೀತಾರಂತೆ, ಅಜಾಗರೂಕಳು ಅಂತ," ಎನ್ನುತ್ತಾರೆ ಮಾರ್ಲಿಸ್. "ಅವ್ಳು ನಾನು ಬರ್ದಂಗೇ ಮಾಡಿದ್ಲು. ಆ ಪುಟ ಬರ್ದ ದಿನ ಆರ್ವಿನ್‌ಗೆ ಜ್ವರ. ನಾನೇ ಮಾಡಿ ನೋಡ್ದೆ, ಅಡ್ಡಹೆಸರು ಇಟ್ಟ ಫೋಲ್ಡರಲ್ಲೇ. ಅಲ್ಲಿ ಸರಿಯಾಗೇ ಬರುತ್ತಲ್ಲ."

ಈ ಕಸುಬಿನವರು ಮಾತ್ರ ಮಾಡಬಲ್ಲ ತಪ್ಪು ಇದು, ಬರೆದವರೇ ಪರೀಕ್ಷಿಸುವುದು. ಅವರ ಬಗ್ಗೆ ನನಗೆ ಮರುಕವಾಯಿತು, ಗೌರವವೂ ಹೆಚ್ಚಿತು.

ಹೊಸ ಪುಟದಲ್ಲಿ ಒಂಟಿ ಚಿಹ್ನೆ ಬಂದಿದೆ, ಬೇರೆ ಫೋಲ್ಡರಿಗೆ ಹೋಗಿ ಪರೀಕ್ಷಿಸಿ ಎಂಬ ಹೆಜ್ಜೆಯೂ ಬಂದಿದೆ. ಕೊನೆಯಲ್ಲಿ ಒಂದು ಸಾಲು: 'ಹಳೆಯ ಉದಾಹರಣೆ ತಪ್ಪಾಗಿತ್ತು, ಅದನ್ನು ನಂಬಿದ ಒಬ್ಬರ ದಾಖಲೆಗಳು ಅಳಿಸಿಹೋದವು.' ಕೈಪಿಡಿಯ ಮೇಲ್ವಿಚಾರಕ ಕಾನ್ರಾಡ್ ಉಳಿದದ್ದನ್ನೆಲ್ಲ ಒಪ್ಪಿ ಆ ಸಾಲನ್ನು ಮಾತ್ರ ತೆಗೆದರು. ನಾನು ಫೋನ್ ಮಾಡಿದಾಗ ಅವರು ಹೇಳಿದ್ದು ಇಷ್ಟು: "ಕೈಪಿಡಿ ಪಶ್ಚಾತ್ತಾಪಕ್ಕಿರೋ ಜಾಗ ಅಲ್ಲ ಕಣ್ರಿ. ತಪ್ಪು ಯಾರದು ಅಂತ ಯಾರಿಗೆ ಬೇಕು?"

"ಟೆಸ್‌ಗೆ ಬೇಕು," ಎಂದರು ಮಾರ್ಲಿಸ್. ಆ ಸಾಲಿಲ್ಲದೆ ಅವಳು ತನ್ನ ಪ್ರೊಫೆಸರಿಗೆ ಏನು ತೋರಿಸಿಯಾಳು? ಬಸ್ಸು ಹೊರಡುವ ಮುಂಚೆ ಅವರು ಮತ್ತೆ ಬರೆದು ಕಳಿಸಿದರು. ಈ ಸಲ ಸಾಲಿನ ಮುಂದೆ ತಮ್ಮ ಪೂರ್ತಿ ಹೆಸರು ಹಾಕಿದ್ದರು. ಶುಕ್ರವಾರ ಪುಟ ಪ್ರಕಟವಾಯಿತು, ಸಾಲು ಹೆಸರಿನೊಂದಿಗೆ ಹಾಗೆಯೇ ಇತ್ತು.

ಟೆಸ್ ಪುಟವನ್ನು ಅಚ್ಚು ತೆಗೆದು ಪ್ರೊಫೆಸರರ ಮೇಜಿನ ಮೇಲೆ ಇಟ್ಟಿದ್ದಾಳೆ. ಸೋಮವಾರದಿಂದ ಅವಳು ಮತ್ತೆ ದೋಣಿಯಲ್ಲಿ ನೀರು ಅಳೆಯಲು ಹೋಗುತ್ತಾಳೆ.

ಹೆಸರು ಹಾಗೆ ಎಲ್ಲರಿಗೂ ಕಾಣುವಂತಾಯಿತಲ್ಲ, ಬೇಸರವಿಲ್ಲವೇ ಎಂದು ಕೇಳಿದೆ. ಮಾರ್ಲಿಸ್ ಬಸ್ಸಿನ ಕೀಲಿ ಎತ್ತಿಕೊಂಡರು.

"ಇಪ್ಪತ್ತೆರಡು ವರ್ಷದಲ್ಲಿ ನನ್ ಹೆಸರು ಬಂದಿರೋದು ಅದೊಂದೇ ಕಡೆ. ಸರಿಯಾದ ಜಾಗದಲ್ಲೇ ಬಂದಿದೆ."