ಎರಿಯೋ ಅಕ್ಕ ಗಜೇಂದ್ರಗಡಕ್ಕೆ ಬಂದದ್ದು

ಎರಡೂ ಕಾಲು ನೀಡಿ ಕೂತು, ಕೂಸನ್ನು ಮೊಣಕಾಲಿನಿಂದ ಪಾದದವರೆಗೆ ಬೋರಲು ಮಲಗಿಸಿಕೊಂಡರೆ ಆಯಿತು, ಎಣ್ಣೆ ಹಚ್ಚಿದ ಆ ಕಡುಗಪ್ಪು ಕಾಲುಗಳ ಮೇಲೆ ಎಂಥ ಹಟದ ಕೂಸೂ ಅಳು ನಿಲ್ಲಿಸುತ್ತಿತ್ತು. ನೀರಿನ ಬಿಸಿಯನ್ನು ಅವರು ಕೈಯಿಂದಲ್ಲ, ಮೊಣಕೈಯಿಂದ ನೋಡುತ್ತಿದ್ದರು. ಬಾಣಂತಿಗೂ ಕೂಸಿಗೂ ನೀರು ಎರೆಯುವ ಅವರು ನಮ್ಮ ಓಣಿಯವರಿಗೆಲ್ಲ ಎರಿಯೋ ಅಕ್ಕ.

ಅವರು ಸಿದ್ದಿ ಜನ. ಎಷ್ಟೋ ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಸಂತತಿ. ಕಾರವಾರದ ಕಡೆ ಸಮುದ್ರದಂಚಿನ ಒಂದು ಕೇರಿಯಲ್ಲಿ ಗಂಡ ಹೆಂಡತಿ ಇದ್ದರು. ಗಂಡ ಬಂದರಿನಲ್ಲಿ ಕೂಲಿ. ಪ್ರತಿ ಮಳೆಗಾಲಕ್ಕೂ ನೀರು ಒಂದಿಷ್ಟು ಒಳಗೆ ಬರುತ್ತಿತ್ತಂತೆ. ಮೊದಲು ತೆಂಗಿನ ಮರಗಳು ಹೋದವು, ಆಮೇಲೆ ರಸ್ತೆ, ಕೊನೆಗೆ ಅಡುಗೆಮನೆಯ ಗೋಡೆ. ಹಳಿಯಾಳದ ಕಾಡಿನಲ್ಲಿದ್ದ ಬಳಗದಲ್ಲಿ ಅವರವರಿಗೇ ಜಾಗ ಸಾಲದು. ಬಂದರಿನಲ್ಲಿ ಜೊತೆಗೆ ದುಡಿಯುತ್ತಿದ್ದ ರೋಣದವನೊಬ್ಬ, ನಮ್ಮ ಕಡೆ ಪೇಟೆಯಲ್ಲಿ ಚೀಲ ಹೊರುವ ಕೆಲಸ ಸಿಗುತ್ತದೆ ಎಂದಿದ್ದನ್ನು ನಂಬಿ ಹೊರಟರು.

ರೋಣದಲ್ಲಿ ಕೆಲಸ ಸಿಕ್ಕಿತು, ಮನೆ ಸಿಗಲಿಲ್ಲ. ನರಗುಂದದಲ್ಲಿ ಒಬ್ಬರು ಪಾಸ್‌ಪೋರ್ಟ್ ಕೇಳಿದರಂತೆ. ಆಧಾರ್ ಕಾರ್ಡ್ ತೋರಿಸಿದರೆ, ಇದು ಖರೇದ್ದೇನು ಎಂದು ತಿರುವಿ ತಿರುವಿ ನೋಡಿದರಂತೆ. ಅಲ್ಲಿಂದ ಗಜೇಂದ್ರಗಡಕ್ಕೆ ಬಂದು ನನ್ನ ಬಾಗಿಲು ಬಡಿದರು.

ಹಿತ್ತಲಿನ ರೂಮು ನಿನ್ನೆನೇ ಹೋತ್ರಿ ಎಂದು ನಾನು ಹೊಸ್ತಿಲಲ್ಲೇ ಹೇಳಿದೆ. ‘ಬಾಡಿಗೆಗೆ ಇದೆ’ ಎಂಬ ಬೋರ್ಡು ನನ್ನ ತಲೆಯ ಮೇಲೇ ತೂಗುತ್ತಿತ್ತು. ಅಕ್ಕ ಅದನ್ನೊಮ್ಮೆ ನೋಡಿದರು.

“ಹಾಗಾದ್ರೆ ಬೋರ್ಡು ತೆಗೆದಿಡಿ ಅಮ್ಮ. ಇನ್ನೊಬ್ರು ಬಿಸಿಲಲ್ಲಿ ಬರೋದು ತಪ್ತದೆ.”

ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಆ ಮಧ್ಯಾಹ್ನ ರೊಟ್ಟಿ ಇಳಿಯಲಿಲ್ಲ. ಮರುದಿನ ಪೇಟೆಗೆ ಹೋದಾಗ ಬಸ್ ಸ್ಟ್ಯಾಂಡಿನ ನೆರಳಲ್ಲಿ ಟ್ರಂಕಿನ ಮೇಲೆ ಇಬ್ಬರೂ ಕೂತಿದ್ದರು. ಹೋಗಿ, ರೂಮು ಖಾಲಿ ಐತ್ರಿ ಅಂದೆ. “ಗೊತ್ತು,” ಎಂದು ಅಕ್ಕ ಎದ್ದು ಟ್ರಂಕಿಗೆ ಕೈ ಹಾಕಿದರು.

ನಾಲ್ಕು ತಿಂಗಳಿಗೆ ನನ್ನ ಮಗಳ ಬಾಣಂತನ ಬಂತು. ಎರೆಯಲು ಗೊತ್ತು ಮಾಡಿದ್ದ ಮುದುಕಿ ಬಿದ್ದು ಕೈ ಮುರಿದುಕೊಂಡಳು. ನಾನೇ ಎರೆಯಲು ಹೋಗಿ ಕೂಸು ಕಿರುಚುತ್ತಿದ್ದಾಗ ಅಕ್ಕ ಹಿತ್ತಲ ಬಾಗಿಲಲ್ಲಿ ನಿಂತು, ನಾನು ಎರೀಲಾ ಎಂದು ಕೇಳಿದರು. ಮಗಳು ನನ್ನ ಮುಖ ನೋಡಿದಳು. ನಾನು ಕೂಸನ್ನು ಅವರ ಕೈಗೆ ಕೊಟ್ಟೆ. ಒಂದು ತಾಸು ಕಳೆಯುವುದರೊಳಗೆ ತಾಯಿಯೂ ಕೂಸೂ ಗಾಢ ನಿದ್ದೆ. ಅಂಥವರಿಗೆ ಯಾಕೆ ಮನೆ ಕೊಟ್ಟಿ ಎಂದು ನನ್ನನ್ನು ಕೇಳಿದ್ದವರೇ ಮುಂದೆ, ಅಕ್ಕನ್ನ ಲಗೂ ಕಳಸ್ರಿ ಎಂದು ಹೇಳಿ ಕಳಿಸತೊಡಗಿದರು.

ಮುಂದಿನ ಮಳೆಗಾಲಕ್ಕೆ ಅವರ ತಂಗಿಯ ಮನೆಯೂ ನೀರಿಗೆ ಹೋಯಿತು. ತಾವು ಎರೆಯುವ ಮನೆಗಳಲ್ಲೆಲ್ಲ ತಂಗಿಗಾಗಿ ರೂಮು ಕೇಳಿದರು. ಕೂಸು ಕೊಟ್ಟವರು ರೂಮು ಕೊಡಲಿಲ್ಲ. ಒಂದು ಸಂಜೆ ನನ್ನ ಹತ್ತಿರ ಬಂದು, “ನೀವು ಸುಮ್ನೆ ಮುಂದೆ ನಿಂತ್ಕೊಳ್ಳಿ ಅಮ್ಮ. ಮಾತು ನಾನು ಆಡ್ತೇನೆ,” ಎಂದರು. ಹಾಗೆ ನಾವಿಬ್ಬರೂ ಓಣಿ ಓಣಿ ತಿರುಗಿದೆವು. ಮುಸಲ್ಮಾನ ನೇಕಾರರೊಬ್ಬರು ತಮ್ಮ ಹಳೆಯ ಮಗ್ಗದ ಕೋಣೆ ಬಿಟ್ಟುಕೊಟ್ಟರು. ತಂಗಿಯ ಹಿಂದೆ ಇನ್ನೊಂದು ಮನೆಯವರೂ ಬಂದರು; ಈಗ ಆ ಕಡಲ ಕೇರಿಯ ಮೂರು ಕುಟುಂಬ ಈ ಊರಲ್ಲಿವೆ.

ಹೋದ ವರ್ಷ ಶ್ರಾವಣದಲ್ಲಿ ಎದೆನೋವೆಂದು ಕೂತ ಅಕ್ಕ ದವಾಖಾನೆಯ ದಾರಿಯಲ್ಲೇ ತೀರಿಕೊಂಡರು. ನಿಮ್ಮ ಊರಿಗೆ ಒಯ್ಯುತ್ತೀರೇನು ಎಂದು ಅವರ ಗಂಡನನ್ನು ಕೇಳಿದೆ.

“ಎಲ್ಲಿಗೆ ಒಯ್ಯೋದು? ನಮ್ಮ ಹಿರಿಯರನ್ನ ಹೂತ ಜಾಗಾನೂ ಸಮುದ್ರ ತಗೊಂಡದೆ.”

ಅವರ ಜನಕ್ಕೆ ಈ ಊರಲ್ಲಿ ಹೂಳುವ ಜಾಗ ಇರಲಿಲ್ಲ; ನಮ್ಮ ಸಮಾಜದ ರುದ್ರಭೂಮಿ ನೋಡಿಕೊಳ್ಳುವ ಹಿರಿಯರ ಮನೆಗೆ ಹೋದೆ. ಅವರು ಪದ್ಧತಿಯ ಮಾತು ತೆಗೆದರು, ಪಂಚರನ್ನು ಕೇಳಬೇಕು ಎಂದರು. ನಾನು ವಾದ ಮಾಡಲಿಲ್ಲ. ಆ ಮೊದಲ ದಿನ ನನ್ನ ಹೊಸ್ತಿಲಲ್ಲಿ ನಾನು ಹೇಳಿದ ಸುಳ್ಳನ್ನು, ಅಲ್ಲಿಯವರೆಗೆ ಯಾರಿಗೂ ಹೇಳದ್ದನ್ನು, ಅವರೆದುರು ಹೇಳಿದೆ.

“ನನ್ನ ಮೊಮ್ಮಗಗೂ ಆಕಿನ ಎರದಾಳ,” ಎಂದರು ಹಿರಿಯರು. “ಎಷ್ಟೊತ್ತಿಗೆ ತರ್ತೀರಿ? ಕುಣಿ ತಗ್ಯಾಕ ಮಂದೀನ್ನ ಕಳಸ್ತೀನಿ.”

ಗುಡ್ಡದ ಬದಿಯ ಗಟ್ಟಿ ನೆಲ. ತೋಡುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಬಗಲಲ್ಲಿ ಕೂಸು ಹೊತ್ತ ಹೆಣ್ಣುಮಕ್ಕಳು ಹತ್ತಿಪ್ಪತ್ತು ಮಂದಿ ದೂರದಲ್ಲಿ ನಿಂತಿದ್ದರು. ಮಣ್ಣು ಮಾಡುವ ಮೊದಲು ಗಂಡ ಕುಣಿಗೆ ಇಳಿದು, ನಾಲ್ಕೂ ಬದಿಗೆ ಅಂಗೈ ಒತ್ತಿ ನೋಡಿದರು. ಆಮೇಲೆ ತಲೆಯೆತ್ತಿ ನಮಗೆಲ್ಲ ಕೇಳುವಂತೆ, “ನೆಲ ಒಣಗಿಯೇ ಅದೆ,” ಎಂದರು.