ಕಾಣದ ಬೆಳಕಿನ ಗ್ಲೆನಿಸ್

ಅಡಿಲೇಡಿನ ನಮ್ಮ ಪ್ರಯೋಗಾಲಯದಲ್ಲಿ ವಿದ್ಯುತ್ ಹರಿಸಿದಾಗ ಯಾರ ಪಾಲಿಮರ್ ಕೆಂಪಗೆ ಹೊಳೆದರೂ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ಗ್ಲೆನಿಸ್ ಟ್ರೆಲೋರ್ ಮಾತ್ರ ಮುಖ ಸಿಂಡರಿಸಿ, "ಕಣ್ಣಿಗೆ ಕಾಣ್ತಿದೆಯಲ್ಲ, ಇನ್ನೇನ್ ಉಪಯೋಗ? ಕ್ರಿಸ್ಮಸ್ ಮರಕ್ಕೆ ನೇತುಹಾಕು" ಎನ್ನುತ್ತಿದ್ದಳು. ಅವಳಿಗೆ ಬೇಕಾದದ್ದು ಕೆಂಪಿನಾಚೆಯ, ಕ್ಯಾಮೆರಾಕ್ಕಷ್ಟೇ ಕಾಣುವ ಬೆಳಕು. ಅದೋ ಮಹಾ ಮೊಂಡು: ಪಾಲಿಮರಿನ ಅಣುಸರಪಳಿಗಳು ಒಂದಕ್ಕೊಂದು ಅಂಟಿ ಕೂತರೆ ಸಾಕು, ನಂದಿಹೋಗುತ್ತಿತ್ತು. ಅದಕ್ಕೇ ಅವಳು ಸರಪಳಿಯ ಪಕ್ಕಕ್ಕೆಲ್ಲ ದಪ್ಪ ದಪ್ಪ ಕವಲು ಜೋಡಿಸುತ್ತ, ಟ್ರಾಮಿನಲ್ಲಿ ಜನರನ್ನು ಸರಿಸುವವಳಂತೆ, "ದೂರ ಕೂತ್ಕೊಳ್ರೋ, ಮೈಮೇಲೆ ಬೀಳ್ಬೇಡಿ" ಎಂದು ಸೀಸೆಗೇ ಗದರುತ್ತಿದ್ದಳು. ವರ್ಷಗಟ್ಟಲೆ ಸೋತಳು. ಕಳೆದ ಮಂಗಳವಾರ ಗಾಜಿನ ತುಂಡಿಗೆ ಹೊಸ ಪಾಲಿಮರ್ ಸವರಿ, ವಿದ್ಯುತ್ ಹರಿಸಿ ನಮ್ಮನ್ನು ಕರೆದಳು. ಗಾಜು ಕಪ್ಪಗೇ ಇತ್ತು. ಕ್ಯಾಮೆರಾದ ಪರದೆಯ ಮೇಲೆ ಮಾತ್ರ ಬೆಳ್ಳಗೆ ಉರಿಯುತ್ತಿತ್ತು. ಅದರ ಮುಂದೆ ಅವಳು ಅಂಗೈ ಹಿಡಿದಳು. ಬೆಳಕು ಮಾಂಸವನ್ನೇ ತೂರಿ ಬಂತು, ರಕ್ತನಾಳಗಳು ಎಲೆಯ ಗೆರೆಗಳಂತೆ ಮೂಡಿದವು. ನಾವು ಕುಣಿದಾಡಿದೆವು. ಅವಳು ಕೈ ತೆಗೆಯಲೇ ಇಲ್ಲ. "ನಮ್ಮ ಟೆಸ್ ಆಸ್ಪತ್ರೇಲಿದ್ದಾಗ ನರ ಸಿಗದೆ ಮಗೂಗೆ ಎಲ್ಲೆಲ್ಲೋ ಸೂಜಿ ಚುಚ್ಚೋರು ಕಣ್ರೋ. ಅಲ್ಲಾಡದ ಹಾಗೆ ನಾನೇ ಹಿಡ್ಕೋತಿದ್ದೆ" ಎಂದಳು. ಅವಳಿಗೊಬ್ಬ ಮಗಳಿದ್ದಳೆಂದು ಅಲ್ಲಿಯವರೆಗೆ ನಮಗಾರಿಗೂ ಗೊತ್ತಿರಲಿಲ್ಲ.